ಚಪ್ಪಲಿಹೂವು ಮೇಲೇರಿದ್ದು ಯಾಕೆ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ ಅದು. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ಹೊಳೆಗಳಿಗೆ ತಮ್ಮ ದಡ ಯಾವುದೆಂದು ತಿಳಿದಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ.

ಅಂಥ ಒಂದು ಹೊಳೆಯ ಅಂಚಿನಲ್ಲಿ, ನೀರು ಜಿನುಗುವ ಕಲ್ಲುಗಳ ನಡುವೆ ಒಂದು ಜಾತಿಯ ಗಿಡಗಳಿದ್ದವು. ಅವುಗಳ ಹೂವಿನ ನಡುವಿನ ಎಸಳು ಪುಟ್ಟ ಚಪ್ಪಲಿಯ ಮೂತಿಯಂತೆ ಉಬ್ಬಿಕೊಂಡಿರುತ್ತಿತ್ತು. ಈಗಿನವರು ಅದನ್ನು ಆರ್ಕಿಡ್ ಬಳಗಕ್ಕೆ ಸೇರಿಸುತ್ತಾರೆ. ಆಗಿನವರು ಚಪ್ಪಲಿಹೂವು ಅನ್ನುತ್ತಿದ್ದರು, ಅಷ್ಟೆ.

ಹೊಳೆಯ ಪಕ್ಕದಲ್ಲೇ ಮಾಳವ್ವ ಎಂಬ ಕುಂಬಾರರ ಹೆಂಗಸು ಗಂಡ ತಿಪ್ಪಯ್ಯನ ಜೊತೆ ಬಾಳುತ್ತಿದ್ದಳು. ಒಂದು ಮಳೆಗಾಲ ಹೊಳೆ ಹೇಳದೆ ಕೇಳದೆ ಏರಿ ಬಂತು. ಅವರ ಗುಡಿಸಲು ಹೋಯಿತು, ಮಡಕೆ ಸುಡುವ ಆವಿಗೆಯೂ ಹೋಯಿತು. ಚಪ್ಪಲಿಹೂವಿನ ಬಳಗವೆಲ್ಲ ಕೊಚ್ಚಿಹೋಗಿ ಒಂದೇ ಒಂದು ಗಿಡ ಉಳಿಯಿತು.

ಅಂದಿನಿಂದ ಆ ಗಿಡಕ್ಕೆ ನೆಮ್ಮದಿ ಇಲ್ಲ. ಮೋಡ ಕಟ್ಟಿದರೆ ಸಾಕು, ಎಲೆ ನಡುಗುತ್ತಿತ್ತು.

"ಹೊಳೆಯಕ್ಕಾ, ಈ ಸಲ ಎಲ್ಲಿವರೆಗೆ ಬರ್ತೀಯ?" ಎಂದು ಕೇಳಿತು.

"ನನಗೇ ಗೊತ್ತಿಲ್ಲ ಕಣೇ," ಎಂದಿತು ಹೊಳೆ. ಅದು ಸುಳ್ಳು ಹೇಳಲಿಲ್ಲ.

ಗಿಡ ತನ್ನ ಹೊಸ ಮರಿಯನ್ನು ನೆಲದ ಮೇಲೆ ಬಿಡಲಿಲ್ಲ. ಮೈಯಿಂದ ಒಂದು ಕಾಂಡ ಚಾಚಿ, ತನಗಿಂತ ಮೇಲೆ ಎತ್ತಿ ಹಿಡಿಯಿತು. ಆ ಮರಿ ತನ್ನ ಮರಿಯನ್ನು ಇನ್ನೂ ಮೇಲೆ ಹಿಡಿಯಿತು. ಅದರ ಮರಿ ಇನ್ನೂ ಮೇಲೆ. ನಿನ್ನ ಮಕ್ಕಳ ಬೇರು ನೆಲ ಕಾಣದೆ ಒಣಗುತ್ತಿದೆ, ಸಾಕು ಮಾಡು ಎಂದು ಗಾಳಿ ಬಂದು ಹೇಳಿತು. ಗಿಡಕ್ಕೂ ಅದು ಕಾಣುತ್ತಿತ್ತು. ಆದರೂ ನಿಲ್ಲಿಸಲಾಗಲಿಲ್ಲ.

ಮಾಳವ್ವನ ಪಾಡೂ ಬೇರೆಯಲ್ಲ. ಪ್ರತಿ ಬೇಸಿಗೆಯಲ್ಲೂ ಗುಡಿಸಲು ಕಿತ್ತು ಇನ್ನಷ್ಟು ಮೇಲೆ ಕಟ್ಟಿಸುತ್ತಿದ್ದಳು. ಗಾಳಿಯಲ್ಲಿ ತೂಗಾಡುವ ಆ ಒಣಬೇರು ಒಂದು ದಿನ ಅವಳ ಕಣ್ಣಿಗೆ ಬಿತ್ತು. ಗಿಡವನ್ನು ಎತ್ತಿ ತಂದಳು. ಗಂಡ ಮಾಡಿದ ಮಡಕೆಗಳಲ್ಲೇ ಆಳವಾದ ಗುಡಾಣ ಆರಿಸಿ, ಮಣ್ಣು ತುಂಬಿ, ಕುತ್ತಿಗೆಯವರೆಗೂ ಹೂತಳು. ಬೇರು ಆಳಕ್ಕೆ ಇಳಿದರೆ ಗಿಡಕ್ಕೆ ಧೈರ್ಯ ಬರುತ್ತದೆ ಅಂದುಕೊಂಡಳು.

ಮೊದಮೊದಲು ಗಿಡ ಸುಮ್ಮನಿತ್ತು. ಆಮೇಲೆ ಎಲೆ ಹಳದಿಯಾಯಿತು. ಗಾಳಿ ಗುಡಾಣದ ಬಾಯಲ್ಲಿ ಮೂಸಿ ನೋಡಿ, ಒಳಗೆ ಬೇರು ಕೊಳೆಯುತ್ತಿದೆ ಎಂದಿತು. ಮಾಳವ್ವ ಏನೂ ತೋಚದೆ ಗುಡಿಸಲ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು.

ತಿಪ್ಪಯ್ಯ ತಿಗರಿ ತಿರುಗಿಸುತ್ತಲೇ, ಕಲ್ಲಿನ ಮೇಲಿನ ತೆಳುಮಣ್ಣಲ್ಲಿ ಬದುಕಿದ ಗಿಡಕ್ಕೆ ಅಷ್ಟು ಆಳ ಯಾಕೆ ಎಂದ. ಆಳವಿಲ್ಲದ ಅಗಲ ಬೋಗುಣಿಗಳನ್ನು ಮಾಡಿ, ನೀರು ಇಳಿಯಲೆಂದು ತಳಕ್ಕೆ ತೂತು ಹಾಕಿ, ಸುಟ್ಟುಕೊಟ್ಟ.

ಆದರೆ ಉದ್ದಕ್ಕೆ ಏರಿದ ಗಿಡ ಬೋಗುಣಿಯಲ್ಲಿ ಹೇಗೆ ಕೂತೀತು? ಮಾಳವ್ವ ಗುಡಾಣ ಬೋರಲು ಹಾಕಿ, ಕೊಳೆತ ಬೇರು ಕಿತ್ತು, ಕತ್ತಿ ತೆಗೆದುಕೊಂಡಳು.

"ಕೊಯ್ಯಬೇಡವ್ವಾ," ಎಂದಿತು ಗಿಡ. "ಕಳೆದ ಸಲ ಎಲ್ಲರನ್ನೂ ಕಳಕೊಂಡಿದ್ದೀನಿ."

"ಕಳೆದ ಸಲ ಎಲ್ಲರೂ ಒಂದೇ ಕಡೆ ಇದ್ರಿ," ಎಂದಳು ಮಾಳವ್ವ. "ಅದಕ್ಕೇ ಒಂದೇ ಸಲಕ್ಕೆ ಹೋದ್ರಿ."

ಸ್ವಂತ ಬೇರು ಬಿಟ್ಟ ಮರಿಗಳನ್ನು ಮಾತ್ರ ಬಿಡಿಸಿದಳು. ಬೇರು ಬಾರದ ಕೂಸನ್ನು ತಾಯಿಯ ಜೊತೆಗೇ ಬಿಟ್ಟಳು. ಬೋಗುಣಿಗಳಿಗೆ ಸಣ್ಣಕಲ್ಲು, ಪಾಚಿ ತುಂಬಿ, ಪ್ರತಿ ಮರಿಯ ಬೇರೂ ತೇವಕ್ಕೆ ತಾಕುವಂತೆ ಇಳಿಸಿ ನೆಟ್ಟಳು. ಒಂದನ್ನು ಎತ್ತರದ ಬಂಡೆಯೊಂದರ ನೆತ್ತಿಗೆ ಇಟ್ಟಳು. ಒಂದನ್ನು ಬೆಟ್ಟದಾಚೆಯ ನಾದಿನಿಗೆ ಕೊಟ್ಟಳು. ಒಂದನ್ನು ತನ್ನ ಬಾಗಿಲಲ್ಲೇ ಇಟ್ಟುಕೊಂಡಳು. ತನ್ನನ್ನು ಹೊಳೆಯ ಹತ್ತಿರ ಇಡು ಎಂದಿತು ತಾಯಿಗಿಡ. ಹೊಳೆಯೆಂದರೆ ಅದಕ್ಕೆ ಹೆದರಿಕೆ. ಹೊಳೆಯ ಸದ್ದಿಲ್ಲದಿದ್ದರೆ ಇನ್ನೂ ಹೆದರಿಕೆ.

ಮಳೆಗಾಲ ಬಂತು. ಹೊಳೆ ಏರಿತು. ಮಾಳವ್ವ ಸೆರಗು ಬಿಗಿದು ಓಡಿದಳು. ತಾಯಿಗಿಡ ಇದ್ದ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಮಳೆಯಲ್ಲಿ ನೆನೆಯುತ್ತ ಬಹಳ ಹೊತ್ತು ಅಲ್ಲೇ ನಿಂತಳು.

ಮಳೆ ನಿಂತ ಮೇಲೆ ಬಂಡೆಯ ನೆತ್ತಿಯ ಗಿಡ ಹೂಬಿಟ್ಟಿತು. ತನ್ನ ಅಂಗಳದಲ್ಲೂ ಹೂವಾಗಿದೆಯೆಂದು ನಾದಿನಿ ಹೇಳಿಕಳಿಸಿದಳು. ಬಾಗಿಲ ಪಕ್ಕದ ಗಿಡದಲ್ಲಿ ಹೊಸ ಮರಿ ಮೂಡಿತ್ತು. ಆ ಬಾಗಿಲಿಗೆ ಎಂದೂ ನೀರು ಬಂದಿರಲಿಲ್ಲ. ಆದರೂ ಮರಿ ಬೋಗುಣಿ ಬಿಟ್ಟು ಒಂದು ಬೆರಳಿನಷ್ಟು ಮೇಲೆ ಏರಿ ನಿಂತಿತ್ತು.

ಮಾಳವ್ವ ಅದನ್ನು ಬೈಯಲಿಲ್ಲ. ಅದರ ಬುಡಕ್ಕೆ ಒಂದಿಷ್ಟು ಪಾಚಿ ಏರಿಸಿ ಕಟ್ಟಿದಳು.

ಅದಕ್ಕೇ ಮಕ್ಕಳೇ, ಈ ಜಾತಿಯ ಚಪ್ಪಲಿಹೂವಿನ ಮರಿ ಇವತ್ತಿಗೂ ತಾಯಿಗಿಂತ ಒಂದು ಮೆಟ್ಟಿಲು ಮೇಲೇ ಹುಟ್ಟುತ್ತದೆ. ಅದನ್ನು ಸಾಕುವವರು ಬೇರು ಬಂದ ಮರಿಗಳನ್ನು ಬಿಡಿಸಿ, ಆಳವಿಲ್ಲದ ಬೋಗುಣಿಯಲ್ಲಿ ಇಳಿಸಿ ನೆಟ್ಟು, ಒಂದನ್ನಾದರೂ ಬೇರೆ ಮನೆಗೆ ಕೊಟ್ಟುಬಿಡುತ್ತಾರೆ.