ಹನ್ನೊಂದನೆಯ ಸೀಸೆ

"ಅಜ್ಜಾರೇ, ಕೆಡುಕು ಇಲ್ಲದ ಜಾಗ ಎಲ್ಲಿದೆ?" ಎಂದು ಶಿಷ್ಯ ಗುರುಪಾದ ಕೇಳಿದ. ಅವನು ಮೂಟೆ ಕಟ್ಟಿಕೊಂಡೇ ಬಂದಿದ್ದ. "ಇದು ನನಗೆ ಮೂರನೆಯ ಮಠ. ಮೂರರಲ್ಲೂ ಜೊತೆಯವರು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟರು. ಬೆನ್ನ ಹಿಂದೆ ಪಿಸುಗುಟ್ಟಿದರು. ಈಗ ಯಾರ ಕೈಯ ಅನ್ನ ಉಣ್ಣಲೂ ಭಯವಾಗುತ್ತದೆ. ಅಪ್ಪಣೆಯಾದರೆ ಬೇರೆ ಮಠಕ್ಕೆ ಹೋಗುತ್ತೇನೆ."

ಗುರುಗಳು ಮೂಟೆಯನ್ನು ನೋಡಿ ನಕ್ಕರು. "ಮೂಟೆ ಕಟ್ಟಿಯಾದ ಮೇಲೆ ಅಪ್ಪಣೆ ಬೇರೆ ಕೇಡು. ಅದನ್ನು ಕೆಳಗಿಡು. ಭಾರ ಹೊತ್ತವನಿಗೆ ಕತೆ ಕೇಳಿಸುವುದಿಲ್ಲ" ಎಂದು ಹೇಳತೊಡಗಿದರು.

ಒಬ್ಬ ವಿಜ್ಞಾನಿ ಇದ್ದಳು. ಕಣ್ಣಿಗೆ ಕಾಣದ ಜೀವಿಗಳು ಎಲ್ಲೆಲ್ಲಿ, ಯಾವ ಯಾವುದರ ಜೊತೆ ಬಾಳುತ್ತವೆ ಎಂದು ತಿಳಿಯುವುದೇ ಅವಳ ಕಸುಬು. ಕೆರೆಯ ಕೆಸರು, ಹೊಲದ ಮಣ್ಣು, ಬಾವಿಯ ನೀರು ಎಲ್ಲವನ್ನೂ ಸೀಸೆಗಳಲ್ಲಿ ತುಂಬಿ ತರುತ್ತಿದ್ದಳು. ಅವುಗಳಲ್ಲಿ ಯಾವ ಯಾವ ಜೀವಿಗಳಿವೆ ಎಂಬುದನ್ನು ಯಂತ್ರದಿಂದ ಓದಿಸುತ್ತಿದ್ದಳು. ಒಂದು ಚಿಟಿಕೆ ಕೆಸರಿನಲ್ಲಿ ಒಂದು ಊರೇ ಇದೆ, ಒಂದು ಬಿಟ್ಟದ್ದನ್ನು ಇನ್ನೊಂದು ಉಂಡು ಬದುಕುತ್ತದೆ, ಅಲ್ಲಿ ಒಂಟಿಯಾಗಿ ಬಾಳುವುದು ಯಾವುದೂ ಇಲ್ಲ ಎನ್ನುತ್ತಿದ್ದಳು.

ಅವಳಿಗೆ ವಿದ್ಯೆ ಕಲಿಸಿದವನು ಒಂದು ನೇಮ ಹಾಕಿಕೊಟ್ಟಿದ್ದ. ಹತ್ತು ಊರಿನ ನೀರನ್ನು ಪರೀಕ್ಷಿಸುವಾಗ ಹನ್ನೊಂದನೆಯ ಸೀಸೆಯೊಂದು ಜೊತೆಗಿರಬೇಕು. ಅದಕ್ಕೆ ಯಾವ ಊರಿನ ನೀರನ್ನೂ ಹಾಕಬಾರದು. ಪ್ರಯೋಗಶಾಲೆಯ ಶುದ್ಧ ನೀರನ್ನಷ್ಟೇ ಹಾಕಿ, ಉಳಿದ ಹತ್ತಕ್ಕೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡಬೇಕು. ಅದನ್ನು ಖಾಲಿ ಸೀಸೆ ಎನ್ನುತ್ತಿದ್ದರು. ಅದರಲ್ಲಿ ಏನೂ ಕಾಣಬಾರದು. ಕಂಡ ದಿನ ಹೆದರು ಎಂದಿದ್ದ ಅವಳ ಗುರು.

ಹನ್ನೆರಡು ವರ್ಷ ಅವಳು ಆ ನೇಮ ನಡೆಸಿದಳು. ಖಾಲಿ ಸೀಸೆಯಲ್ಲಿ ಒಂದು ದಿನವೂ ಏನೂ ಕಾಣಲಿಲ್ಲ. ಅಷ್ಟರಲ್ಲಿ ಕೈ ಪಳಗಿತು, ಹೆಸರು ಬಂತು. ಏನೂ ಇಲ್ಲ ಎಂದು ಬರೆಯುವುದಕ್ಕೆ ಇಷ್ಟು ಕಷ್ಟ ಏಕೆ ಪಡಬೇಕು ಎನ್ನಿಸಿತು. ನೇಮ ಬಿಟ್ಟಳು. ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ. ಕೆಲವು ವರ್ಷಗಳಲ್ಲಿ ಅವಳಿಗೇ ಮರೆತುಹೋಯಿತು.

ಒಂದು ಬೇಸಿಗೆಯಲ್ಲಿ ತಾಲೂಕಿನ ಬಾವಿಗಳ ನೀರೆಲ್ಲ ಅವಳ ಬಳಿಗೆ ಪರೀಕ್ಷೆಗೆ ಬಂತು. ನಾಲ್ಕು ಕಲ್ಲುಬಾವಿಗಳ ತಿಳಿನೀರಿನಲ್ಲಿ ಒಂದೇ ಜೀವಿ ಕಂಡಿತು. ಜ್ವರ ತರುವ ಜಾತಿಗೆ ಅದು ಹತ್ತಿರದ ನೆಂಟ. ಅವಳು ಕಂಡದ್ದನ್ನು ಕಂಡ ಹಾಗೆ ಬರೆದಳು. ನಾಲ್ಕೂ ಬಾವಿಗಳಿಗೆ ಚಪ್ಪಡಿ ಎಳೆದರು. ಜನ ಕಾಲುವೆಯ ನೀರಿಗೆ ಹೋದರು.

ಮಳೆ ಹಿಡಿದ ಮೇಲೆ ಒಬ್ಬ ಹೆಂಗಸು ಅವಳ ಬಾಗಿಲಿಗೆ ಬಂದಳು. ಮುಚ್ಚಿದ ಬಾವಿಯೊಂದರ ಪಕ್ಕದ ಮನೆಯವಳು. ಚಪ್ಪಡಿಯ ಸಂದಿನಲ್ಲಿ ತಂಬಿಗೆ ಇಳಿಬಿಟ್ಟು ಬಾವಿಯ ನೀರು ತಂದಿದ್ದಳು.

"ಅಕ್ಕಾರ, ಈ ನೀರ ನಮ್ಮತ್ತಿ ಕುಡದಾಳ, ಅತ್ತಿಯ ಅತ್ತಿ ಕುಡದಾಳ. ಯಾರಿಗೂ ಏನೂ ಆಗಿದ್ದಿಲ್ಲ. ಬಾವಿ ಮುಚ್ಚಿದ ಮ್ಯಾಲ ನನ್ನ ಹಿರೀ ಮಗಳು ವಾಂತಿಭೇದಿ ಆಗಿ ಹೋದ್ಲು. ಸಣ್ಣಾಕಿ ಉಳದಾಳ. ಆಕಿಗೆ ಯಾವ ನೀರ ಕೊಡ್ಲಿ? ಅದೊಂದ ಹೇಳ್ರಿ."

"ಐದನೆಯ ದಿನ ಬಾ ತಂಗಿ, ಹೇಳುತ್ತೇನೆ. ಅಲ್ಲಿಯವರೆಗೆ ಕುದಿಸಿ ಕೊಡು" ಎಂದಳು ವಿಜ್ಞಾನಿ.

ಹೆಂಗಸು ಹೋದ ಮೇಲೆ ಅವಳಿಗೆ ಒಂದೇ ಯೋಚನೆ. ಆ ಜೀವಿ ಬಾವಿಯಿಂದ ಕಾಲುವೆಗೂ ಹರಡಿತೇ? ಕಾಲುವೆಯ ರಾಡಿಯನ್ನು ತರಿಸಿ ನೋಡಿದಳು. ನೂರಾರು ಬಗೆಯ ಜೀವಿಗಳ ನಡುವೆ ಅದು ಇದ್ದೂ ಇಲ್ಲದ ಹಾಗಿತ್ತು, ಸಂತೆಯಲ್ಲಿ ಕಳ್ಳ ನಿಂತ ಹಾಗೆ. ತಂಬಿಗೆಯ ತಿಳಿನೀರಿನಲ್ಲಿ ಎದ್ದು ಕಂಡಿತು. ತನ್ನ ಮನೆಯ ಕೊಡದ ನೀರನ್ನು ನೋಡಿದಳು. ಇತ್ತು. ಕುದಿಸಿ ಆರಿಸಿದ ನೀರಿನಲ್ಲೂ ಇತ್ತು. ಕುಡಿಯಲು ಎತ್ತಿದ ಲೋಟವನ್ನು ಕೆಳಗಿಟ್ಟಳು. ಮೂರನೆಯ ದಿನ ಅಂಗಳದಲ್ಲಿ ನಿಂತು, ಮಳೆಯ ಹನಿ ನೆಲ ಮುಟ್ಟುವ ಮೊದಲೇ ಹೊಸ ಸೀಸೆಯಲ್ಲಿ ಹಿಡಿದಳು. ಅದರಲ್ಲೂ ಇತ್ತು. ಉಳಿದೆಲ್ಲದಕ್ಕಿಂತ ಹೆಚ್ಚಾಗಿ ಇತ್ತು.

ನೀರು ತಿಳಿಯಾದಷ್ಟೂ ಅದು ಹೆಚ್ಚುತ್ತಿತ್ತು. ಮಗುವಿನ ಬಾಯಿಗೆ ಹಾಕುವಂಥ ಒಂದು ಹನಿಯೂ ಲೋಕದಲ್ಲಿ ಉಳಿದಿಲ್ಲವೇ? ಕೈ ತೊಳೆದಳು. ಮತ್ತೆ ತೊಳೆದಳು. ಮೂರನೆಯ ಸಲ ತೊಳೆಯುವಾಗ ನಲ್ಲಿಯನ್ನೇ ನೋಡುತ್ತ ನಿಂತಳು. ಅದು ಪ್ರಯೋಗಶಾಲೆಯ ಶುದ್ಧ ನೀರಿನ ನಲ್ಲಿ. ಸೀಸೆ ತೊಳೆಯುವುದಕ್ಕೂ ಔಷಧಿ ಕಲಸುವುದಕ್ಕೂ ಅದೇ ನೀರು. ಲೋಕದ ನೀರನ್ನೆಲ್ಲ ನೋಡಿದ್ದಳು, ಅದೊಂದನ್ನು ಬಿಟ್ಟು.

ನೇಮ ಬಿಟ್ಟ ಹದಿನಾಲ್ಕು ವರ್ಷಗಳ ಮೇಲೆ ಅವಳು ಮತ್ತೆ ಖಾಲಿ ಸೀಸೆ ಇಟ್ಟಳು. ಮರುದಿನ ಯಂತ್ರ ಓದಿದ್ದರ ಕಾಗದ ಬಂತು. ಅದನ್ನು ಬೋರಲು ಹಾಕಿಕೊಂಡು ಬಹಳ ಹೊತ್ತು ಕೂತಳು. ಬಾವಿಯಲ್ಲಿ ಕಂಡಾಗ ಹೆದರಿದ್ದು ಊರಿಗಾಗಿ. ಈಗ ಹೆದರಿದ್ದು ತನಗಾಗಿ. ಎರಡನೆಯ ಭಯದ ಮುಂದೆ ಮೊದಲನೆಯದು ಏನೂ ಅಲ್ಲ ಎಂದು ಅವಳಿಗೆ ಅಂದು ತಿಳಿಯಿತು.

ಕಾಗದ ತಿರುಗಿಸಿದಳು. ಅದರಲ್ಲಿ ಆ ಜೀವಿ ಇತ್ತು. ಬೇರೇನೂ ಇರಲಿಲ್ಲ. ಶುದ್ಧ ನೀರಿನ ಕೊಳವೆಯ ಒಳಗೆ ಲೋಳೆ ಕಟ್ಟಿ, ಅದರಲ್ಲಿ ಅದು ಎಷ್ಟೋ ವರ್ಷಗಳಿಂದ ಸುಖವಾಗಿ ಬಾಳುತ್ತಿತ್ತು. ಅವಳು ಮುಟ್ಟಿದ ಸೀಸೆಗೆಲ್ಲ ಅವಳ ಜೊತೆಗೇ ಹೋಗುತ್ತಿತ್ತು. ರಾಡಿ ನೀರಿನಲ್ಲಿ ಉಳಿದ ಜೀವಿಗಳ ನಡುವೆ ಮರೆಯಾಗುತ್ತಿತ್ತು, ತಿಳಿನೀರಿನಲ್ಲಿ ಅದೊಂದೇ ಎದ್ದು ಕಾಣುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬೆನ್ನಿನ ಹುಣ್ಣಿಗೆ ಬೇಕಲ್ಲ. ಆ ಕನ್ನಡಿಯನ್ನು ಅವಳೇ ಮೂಲೆಗೆ ಎಸೆದಿದ್ದಳು.

ಐದನೆಯ ದಿನ ಹೆಂಗಸು ಬಂದಳು. ಕಾಗದವನ್ನು ಒಲೆಗೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ವಿಜ್ಞಾನಿಗೆ ಬಂತು. ಬರಲಿಲ್ಲ ಎಂದರೆ, ಗುರುಪಾದ, ನಾನು ನಿನಗೆ ಸುಳ್ಳು ಹೇಳಿದ ಹಾಗೆ. ಆದರೆ ಹೆಂಗಸಿನ ಕೈಯಲ್ಲಿ ತಂಬಿಗೆ ಇತ್ತು, ಮನೆಯಲ್ಲಿ ಸಣ್ಣ ಮಗಳು ಇದ್ದಳು.

"ಬಾವಿಯ ನೀರನ್ನೇ ಕೊಡು ತಂಗಿ. ಬಾವಿಯಲ್ಲಿ ಆ ಜೀವಿ ಇರಲಿಲ್ಲ. ಇದ್ದದ್ದು ನನ್ನ ಸೀಸೆಯಲ್ಲಿ" ಎಂದಳು.

ಹೆಂಗಸು ತಂಬಿಗೆಯನ್ನೇ ನೋಡುತ್ತ ನಿಂತಳು.

"ಹಂಗಾರ ಹಿರ್ಯಾಕಿಗೂ ಇದನ್ನ ಕೊಡಬಹುದಿತ್ತಲ್ರಿ?" ಎಂದು ಕೇಳಿದಳು.

ವಿಜ್ಞಾನಿ ತನ್ನ ತಪ್ಪನ್ನು ತಾನೇ ಬರೆದುಕೊಟ್ಟು ನಾಲ್ಕೂ ಚಪ್ಪಡಿ ತೆಗೆಸಿದಳು. ಕೆಲಸ ಬಿಡುವ ದಿನದವರೆಗೂ ಖಾಲಿ ಸೀಸೆ ಇಲ್ಲದೆ ಯಾವ ಊರಿನ ನೀರನ್ನೂ ಪರೀಕ್ಷಿಸಲಿಲ್ಲ. ಕಾಗದಗಳು ಬಂದಾಗ ಪ್ರತಿ ಸಲವೂ ಮೊದಲು ಓದುತ್ತಿದ್ದದ್ದು ಅದರದ್ದನ್ನೇ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ "ಪಾಪ, ಆ ತಾಯಿ" ಎಂದ. ಮೂಟೆಗೆ ಕೈ ಹಾಕಿದ. "ಹಾಗಾದರೆ ನಾನು ಹೊರಡಲೇ, ಅಜ್ಜಾರೇ?"

"ಮೂರೂ ಮಠಗಳಿಗೆ ಹೋದ ಸೀಸೆ ಒಂದೇ ಅಲ್ಲವೇನೋ, ಗುರುಪಾದ?" ಎಂದರು ಗುರುಗಳು.