ಕಸಿದುಕೊಂಡ ಚಾವಿ

ಬಯಲುಸೀಮೆಯ ಒಂದೂರಿನಲ್ಲಿ ಮುದುಕಪ್ಪ ಎಂಬ ಯುವಕನಿದ್ದ. ನಗಬೇಡಿ ಮಕ್ಕಳೇ, ಹೆಸರು ಅಜ್ಜನದು, ಪ್ರಾಯ ಅವನದೇ. ಗೌಂಡಿ ಕೆಲಸ ಮಾಡುತ್ತಿದ್ದ. ಅವನು ಕಟ್ಟಿದ ಗೋಡೆಯಲ್ಲಿ ಡೊಂಕು ಹುಡುಕಿದರೂ ಸಿಗುತ್ತಿರಲಿಲ್ಲ. ಮನುಷ್ಯನೂ ಒಳ್ಳೆಯವನೇ. ಆದರೆ ಒಳ್ಳೆಯವರಿಗೂ ಒಂದು ದಿನ ಪರೀಕ್ಷೆ ಬರುತ್ತದೆ, ಅದೂ ಹೇಳದೆ ಕೇಳದೆ.

ಆ ಊರಿನ ಕೂಡುರಸ್ತೆಯಲ್ಲಿ ಒಂದು ವಿಚಿತ್ರ ಕಟ್ಟಳೆ ಇತ್ತು. ಎರಡು ಗಾಡಿ ಡಿಕ್ಕಿ ಹೊಡೆದರೆ, ಬಿದ್ದವರನ್ನು ಎತ್ತುವ ಮೊದಲು ಪರವೂರಿನವನ ಗಾಡಿಯ ಚಾವಿ ಕಿತ್ತುಕೊಳ್ಳಬೇಕು. ಹಿಂದೆ ಯಾವನೋ ಒಬ್ಬ ಊರಿನ ಎತ್ತಿಗೆ ಗುದ್ದಿ ಓಡಿಹೋಗಿದ್ದನಂತೆ. ಅಂದಿನಿಂದ ಹೀಗೆ. ಪೆಟ್ಟಾದವನಿಗೆ ನೀರು ಯಾರು ತರಬೇಕು ಎಂದು ಯಾರೂ ಗೊತ್ತುಮಾಡಿರಲಿಲ್ಲ. ಚಾವಿ ಯಾರು ಕೀಳಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಆ ಕೆಲಸ ಚಹದಂಗಡಿಯ ದ್ಯಾಮಣ್ಣನದು. ಅವನ ಅಂಗಡಿ ಕೂಡುರಸ್ತೆಗೇ ಇತ್ತು, ಕೈಯೂ ಚುರುಕಾಗಿತ್ತು.

ಒಂದು ದಿನ ಬಿಸಿಲು ಏರುವ ಹೊತ್ತಿಗೆ ಮುದುಕಪ್ಪ ಬೈಕಿನ ಮೇಲೆ ಕೆಲಸಕ್ಕೆ ಹೊರಟಿದ್ದ. ರಸ್ತೆಯ ಆಚೆ ಬದಿಯಿಂದ ದ್ಯಾಮಣ್ಣ ಕೂಗಿದ.

“ಏ ಮುದುಕಪ್ಪಾ, ಚಾ ಕುಡುದು ಹೋಗೋ!”

ಚಹಾಕ್ಕೆ ಕರೆದವರಿಗೆ ಮಾರುತ್ತರ ಕೊಡದೆ ಹೋಗುವುದೆಂದರೆ ಆ ಕಡೆ ಜಗಳ ಕಾಯ್ದಂತೆಯೇ ಲೆಕ್ಕ. ಮುದುಕಪ್ಪ ಒಂದು ಕೈ ಎತ್ತಿ “ಬಂದೆ ಮಾವಾ” ಎಂದ. ಇನ್ನೊಂದು ಕೈಯಿಂದ ಹ್ಯಾಂಡಲ್ ಹೊರಳಿಸಿದ. ಹಿಂದೆ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ. ನೋಡಿದ್ದು ಚಹಾದ ಕಡೆ. ಎದುರಿನಿಂದ ಬರುತ್ತಿದ್ದ ಬೈಕು ಧಡಾರನೆ ಬಂದು ಬಡಿಯಿತು.

ಇಬ್ಬರೂ ಉರುಳಿದರು. ಮುದುಕಪ್ಪನಿಗೆ ಮೊಣಕಾಲು ತರಚಿ ಸ್ವಲ್ಪ ಬಾತಿತು, ಅಷ್ಟೇ. ಎದುರಿನವನು ಬಲಭುಜದ ಮೇಲೆ ಬಿದ್ದಿದ್ದ. ಆ ಕೈಯನ್ನು ಎತ್ತಲು ಹೋದರೆ ಮುಖವೆಲ್ಲ ಕಿವುಚಿಕೊಳ್ಳುತ್ತಿತ್ತು. ಅವನ ಹೆಸರು ಯಂಕೋಬ, ಪರವೂರಿನವನು, ಜೇನು ಸಾಕುವವನು. ಅವನ ಗಾಡಿಯ ಹಿಂದಿನ ಸೀಟಿಗೆ ಒಂದು ಮರದ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು ಕಟ್ಟಿತ್ತು. ಗಾಡಿಯ ಜೊತೆಗೆ ಅದೂ ಅಡ್ಡಬಿದ್ದಿತ್ತು.

ಮುದುಕಪ್ಪನ ಬಾಯಲ್ಲಿ ‘ತಪ್ಪಾತು ಅಣ್ಣಾ’ ಎಂಬ ಮಾತು ಬಂದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮಾತು ಹೊರಬೀಳುವ ಮೊದಲೇ ಊರೇ ಓಡಿಬಂತು.

ದ್ಯಾಮಣ್ಣ ಎಲ್ಲರಿಗಿಂತ ಮುಂದೆ ಬಂದು ಯಂಕೋಬನ ಚಾವಿ ಕಿತ್ತ. ಅದನ್ನು ಮುದುಕಪ್ಪನ ಅಂಗಿಯ ಕಿಸೆಗೆ ತುರುಕಿದ. “ಇಟ್ಕೋ. ನ್ಯಾಯ ಮುಗಿಯೂತನಕ ಕೊಡಬ್ಯಾಡ” ಎಂದ. ಆಮೇಲೆ ಯಂಕೋಬನ ಕಡೆ ತಿರುಗಿ, “ಕಣ್ಣು ಎಲ್ಲಿಟ್ಟು ಗಾಡಿ ಹೊಡೀತಿಯಲೇ?” ಎಂದು ಗದರಿದ.

“ಅಣ್ಣಾರ, ಚಾವಿ ನಿಮ್ಮ ಹತ್ರನ ಇರಲಿ. ನಾ ಎಲ್ಲೂ ಓಡಂಗಿಲ್ಲ” ಎಂದ ಯಂಕೋಬ. “ಆ ಪೆಟ್ಟಿಗಿ ಒಂದೀಟು ನೆರಳಿಗೆ ಇಡ್ರಿ, ಕೈ ಮುಗಿತೀನಿ. ಒಳಗ ಜೇನುಹುಳ ಅದಾವ. ತಂಪಿನ್ಯಾಗ ಸಾಗಿಸಬೇಕಂತ ನಸುಕಿನ್ಯಾಗ ಬಿಟ್ಟಿದ್ದೆ. ದಾರಿಯಾಗ ಗಾಲಿ ಪಂಕ್ಚರ್ ಆಗಿ ತಡ ಆತು. ಈ ಬಿಸಿಲಿಗೆ ಉಸಿರು ಕಟ್ಟಿ ಸಾಯ್ತಾವ.”

“ಹುಳದ ಚಿಂತಿ ಹತ್ತೈತಿ ಇವಂಗ! ನಮ್ಮ ಹುಡುಗನ ಮೊಣಕಾಲು ಕಾಣವಲ್ದೇನು?” ಎಂದ ದ್ಯಾಮಣ್ಣ.

ಎಲ್ಲರೂ ಮುದುಕಪ್ಪನ ಮೊಣಕಾಲು ನೋಡಿದರು. ಮುದುಕಪ್ಪನೂ ನೋಡಿಕೊಂಡ. ಇಷ್ಟು ಜನ ನೋಡಿದ ಮೇಲೆ ಅದು ನಿಜಕ್ಕೂ ಹೆಚ್ಚು ನೋಯತೊಡಗಿತು.

“ನನ್ನವು ಭಾಳ ಪೆಟ್ಟಿಗಿ ಇದ್ದುವ್ರಿ” ಎಂದ ಯಂಕೋಬ. ಅವನ ದನಿ ಇಳಿದಿತ್ತು. “ಔಷಧ ಹೊಡದ ಹೊಲಕ್ಕ ಹೋಗಿ ಹುಳ ಎಲ್ಲಾ ಸತ್ತುವು. ಉಳಿದದ್ದು ಇದೊಂದ ಕುಟುಂಬ. ಇದರಿಂದನ ಮತ್ತ ಬೆಳಸಬೇಕು. ಇದೂ ಹೋದ್ರ ನನ್ನ ಕಸಬು ಮುಗೀತು.”

ಮುದುಕಪ್ಪ ಕಿಸೆಯಲ್ಲಿದ್ದ ಚಾವಿ ಮುಟ್ಟಿಕೊಂಡ. ಊರೇ ತನ್ನ ಪರವಾಗಿ ನಿಂತಿರುವಾಗ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವುದು ಹೇಗೆ? ಕೇಳಿದರೆ ಹೇಳೋಣ ಅಂದುಕೊಂಡ. ಯಾರೂ ಕೇಳಲಿಲ್ಲ.

“ಇವ ಹೇಳೂದು ಖರೇನೋ ಸುಳ್ಳೋ, ನೋಡೇಬಿಡೂಣು” ಎಂದ ದ್ಯಾಮಣ್ಣ. ಯಂಕೋಬ “ಬ್ಯಾಡ್ರೀ, ಬ್ಯಾಡ್ರೀ” ಅನ್ನುತ್ತಿರುವಾಗಲೇ ಹಗ್ಗ ಬಿಚ್ಚಿ ಪೆಟ್ಟಿಗೆಯ ಮುಚ್ಚಳ ಎತ್ತಿದ.

ಖರೆ ಇತ್ತು. ಅದಕ್ಕೆ ಸಾಕ್ಷಿಯಾಗಿ ಒಂದು ಹುಳ ದ್ಯಾಮಣ್ಣನ ಮೂಗಿನ ತುದಿಗೇ ರುಜು ಹಾಕಿತು.

ಝೊಂಯ್ ಎಂದು ಜೇನು ಎದ್ದಿತು. ಇಷ್ಟು ಹೊತ್ತು ನ್ಯಾಯ ನ್ಯಾಯ ಎನ್ನುತ್ತಿದ್ದ ಜನ ಕಾಲಿಗೆ ಬುದ್ಧಿ ಹೇಳಿದರು. ಒಬ್ಬರ ಚಪ್ಪಲಿ ಇಲ್ಲಿ, ಇನ್ನೊಬ್ಬರ ಟವೆಲ್ ಅಲ್ಲಿ. ‘ನಮ್ಮ ಹುಡುಗ’ನ ಮೊಣಕಾಲು ಯಾರಿಗೂ ನೆನಪಾಗಲಿಲ್ಲ. ಚಹದಂಗಡಿಯ ಬಾಗಿಲು ದಡಕ್ಕೆಂದು ಮುಚ್ಚಿತು.

ಮುದುಕಪ್ಪನೂ ಏಳಲು ನೋಡಿದ. ಕಾಲು ಕೇಳಲಿಲ್ಲ. ತಲೆಯ ಸುತ್ತ ಹುಳುಗಳು ಹಾರಾಡುತ್ತಿದ್ದವು. ಅವನು ಕೈ ಬೀಸಲು ಎತ್ತಿದಾಗ ಪಕ್ಕದಿಂದ ಮೆಲ್ಲನೆ ದನಿಯೊಂದು ಬಂತು.

“ಕೈ ಬೀಸಬ್ಯಾಡೋ ತಮ್ಮಾ. ಕುಂತಲ್ಲೇ ಕುಂದ್ರು. ಸಾವಕಾಶ ಉಸಿರಾಡು. ನೀ ಸುಮ್ಮನಿದ್ರ ಅವೂ ಸುಮ್ಮನಿರ್ತಾವ.”

ಹೇಳಿದವನು ಯಂಕೋಬ. ಭುಜ ಮುರಿದುಕೊಂಡು ರಸ್ತೆಯ ಮೇಲೆ ಕೂತವನು, ತನ್ನನ್ನು ಕೆಡವಿದವನಿಗೆ ಹುಳ ಕಚ್ಚದಿರಲಿ ಎಂದು ನೋಡುತ್ತಿದ್ದ. ಮುದುಕಪ್ಪ ಕೈ ಇಳಿಸಿದ. ಅವನಿಗೆ ನಾಚಿಕೆಯಾಯಿತು.

ಹುಳುಗಳು ಸ್ವಲ್ಪ ಹೊತ್ತು ಸುತ್ತಿದವು. ಆಮೇಲೆ ಒಂದೊಂದಾಗಿ ಇಳಿದು ಒಂದೇ ಕಡೆ ಕೂರತೊಡಗಿದವು. ಎಲ್ಲಿ ಗೊತ್ತೇ? ಅಡ್ಡಬಿದ್ದಿದ್ದ ಮುದುಕಪ್ಪನ ಬೈಕಿನ ಹ್ಯಾಂಡಲ್ ಮೇಲೆ! ನೋಡನೋಡುತ್ತಿದ್ದಂತೆ ಹ್ಯಾಂಡಲ್‌ಗೆ ಕಂಬಳಿ ಹೊದಿಸಿದಂತಾಯಿತು. ಊರಿನವರು ಯಂಕೋಬನ ಚಾವಿ ಕಸಿದಿದ್ದರು. ಹುಳುಗಳು ಮುದುಕಪ್ಪನ ಗಾಡಿಯನ್ನೇ ಹಿಡಿದು ಕೂತವು. ಜೇನಿನ ಪಂಚಾಯ್ತಿ ಅಂದರೆ ಹೀಗೆ.

“ರಾಣಿ ಅಲ್ಲೇ ಕುಂತೈತಿ” ಎಂದ ಯಂಕೋಬ. “ಈಗ ಪೆಟ್ಟಿಗಿಗೆ ತುಂಬಿದ್ರ ಉಳಿತಾವ. ತಡ ಮಾಡಿದ್ರ ಎದ್ದು ಹೋಗಿಬಿಡ್ತಾವ, ಮತ್ತ ಸಿಗಂಗಿಲ್ಲ. ನನಗ ಒಂದ ಕೈ ಐತಿ. ತಮ್ಮಾ, ನಿನ್ನ ಎರಡು ಕೈ ಕೊಡ್ತಿ ಏನು?”

ಚಹದಂಗಡಿಯ ಕಿಟಕಿಯಿಂದ ದ್ಯಾಮಣ್ಣ “ತೆವಳಿಕೋತ ಈ ಕಡೆ ಬಾರೋ” ಎಂದು ಸನ್ನೆ ಮಾಡುತ್ತಿದ್ದ. ಮುದುಕಪ್ಪ ಅವನನ್ನು ನೋಡಿದ. ಹುಳುಗಳನ್ನು ನೋಡಿದ. ಯಂಕೋಬನ ಮುಖ ನೋಡಲು ಮಾತ್ರ ಆಗಲಿಲ್ಲ. ಕಿಸೆಯಲ್ಲಿದ್ದ ಚಾವಿ ಎದೆಗೆ ಒತ್ತುತ್ತಿತ್ತು.

“ಅಣ್ಣಾ, ನನ್ನ ಯಾಕ ಕೇಳ್ತಿ? ನಿನ್ನ ಕೆಡವಿದವನ ನಾನು.”

“ಅದು ನನಗ ಗೊತ್ತಿಲ್ಲೇನು?” ಎಂದ ಯಂಕೋಬ. “ನಾ ರಸ್ತೆ ನೋಡಾಕತ್ತಿದ್ದೆ, ನೀ ಚಾ ನೋಡಾಕತ್ತಿದ್ದಿ. ಅದನ್ನ ಆಮ್ಯಾಗ ಮಾತಾಡೂಣು. ಮೊದಲ ಹುಳ.”

ಮುದುಕಪ್ಪ ಕುಂಟುತ್ತ ಎದ್ದ. ಯಂಕೋಬ ಹೇಳಿದಂತೆ ಪೆಟ್ಟಿಗೆಯನ್ನು ಹ್ಯಾಂಡಲ್‌ನ ಕೆಳಗೆ ತಂದಿಟ್ಟ. ರಸ್ತೆಬದಿಯ ಬೇವಿನ ಗಿಡದಿಂದ ಸೊಪ್ಪು ಕಿತ್ತು, ಅಂಗಡಿಯ ಹೊರಗಿದ್ದ ಕೊಡದಲ್ಲಿ ಅದ್ದಿ ಹುಳುಗಳ ಮೇಲೆ ಹಗುರಾಗಿ ನೀರು ಚಿಮುಕಿಸಿದ. ನೀರು ಬಿದ್ದ ಹುಳುಗಳು ಇನ್ನಷ್ಟು ಒತ್ತಾಗಿ ಕೂತವು.

“ಈಗ ಬೊಗಸಿ ಮಾಡು. ಹಿಟ್ಟು ತುಂಬಿಕೊಂಡಂಗ ಎತ್ತು. ಕಚ್ಚಿದ್ರೂ ಕೈ ಝಾಡಿಸಬ್ಯಾಡ.”

ಮುದುಕಪ್ಪ ಗಾರೆ ಮೆತ್ತುವ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಬೊಗಸೆ ಒಡ್ಡಿದ. ಹುಳುಗಳು ಬೆಚ್ಚಗಿದ್ದವು. ಇಷ್ಟು ಜೀವ ಕೈಯಲ್ಲಿದ್ದರೂ ಭಾರವೇ ಇಲ್ಲ ಅನ್ನಿಸಿತು. ಒಂದು ಹುಳ ಹೆಬ್ಬೆರಳಿಗೆ ಕಚ್ಚಿತು. ಮುದುಕಪ್ಪ ತುಟಿ ಕಚ್ಚಿ ಹಿಡಿದ, ಬೊಗಸೆ ಬಿಡಲಿಲ್ಲ. ಮೆಲ್ಲನೆ ಪೆಟ್ಟಿಗೆಗೆ ಇಳಿಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ. ಯಂಕೋಬ ನೋವು ಮರೆತು ಬಗ್ಗಿ ನೋಡುತ್ತಿದ್ದ. ಒಮ್ಮೆಲೇ “ಹೋತು, ರಾಣಿ ಒಳಗ ಹೋತು!” ಎಂದು ಕೂಗಿದ.

ಆಮೇಲೆ ಮುದುಕಪ್ಪ ಏನೂ ಮಾಡಬೇಕಾಗಲಿಲ್ಲ. ಹೊರಗೆ ಉಳಿದ ಹುಳುಗಳೆಲ್ಲ ತಾವಾಗಿಯೇ ಸಾಲು ಹಿಡಿದು ಒಳಗೆ ನಡೆದವು. ಅದನ್ನು ನೋಡುತ್ತ ಇಬ್ಬರೂ ರಸ್ತೆಯ ಬದಿಗೆ ಕೂತಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಡಿಕ್ಕಿ ಹೊಡೆದುಕೊಂಡವರು ಎಂದು ನೋಡಿದವರು ಹೇಳುವಂತಿರಲಿಲ್ಲ. ಬಹುಪಾಲು ಹುಳುಗಳು ಒಳಸೇರಿದ ಮೇಲೆ ಮುದುಕಪ್ಪ ಪೆಟ್ಟಿಗೆಯನ್ನು ಬೇವಿನ ಗಿಡದ ನೆರಳಿಗೆ ಒಯ್ದಿಟ್ಟ.

ಜೇನು ತಣ್ಣಗಾಯಿತು. ಹಾಗಾಗಿ ಜನ ಮತ್ತೆ ಬಿಸಿಯಾದರು. ಅಂಗಡಿಯ ಬಾಗಿಲು ತೆರೆಯಿತು. ಬದನೆಕಾಯಿಯಂತೆ ಊದಿದ ಮೂಗು ಹೊತ್ತು ದ್ಯಾಮಣ್ಣ ಹೊರಬಂದ.

“ಹೂಂ, ಈಗ ನ್ಯಾಯ ಮಾತಾಡೂಣು. ತಪ್ಪು ಯಾರದು ಅಂಬೂದು ಎಲ್ಲಾರೂ ನೋಡೇವಿ. ಮುದುಕಪ್ಪಾ, ಚಾವಿ ಕೊಡಬ್ಯಾಡ.”

ಮಕ್ಕಳೇ, ಪರೀಕ್ಷೆ ಬಂದದ್ದು ಈಗ. ಹುಳುಗಳಿಗೆ ಕೈ ಒಡ್ಡಿದ್ದು ಬರೀ ಅಭ್ಯಾಸ. ಊರಿಗೆ ಊರೇ ಮುದುಕಪ್ಪನ ಬೆನ್ನಿಗಿತ್ತು. ಅವನು ಸುಳ್ಳು ಹೇಳುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಯಂಕೋಬ ಪೆಟ್ಟಿಗೆಯ ಕಡೆ ನೋಡುತ್ತ ಕೂತಿದ್ದ.

ಮುದುಕಪ್ಪ ಕಿಸೆಗೆ ಕೈ ಹಾಕಿ ಚಾವಿ ತೆಗೆದ. ಎಲ್ಲರೂ ನೋಡುತ್ತಿರುವಾಗಲೇ ಅದನ್ನು ಯಂಕೋಬನ ಎಡಗೈಯಲ್ಲಿಟ್ಟ.

“ತಪ್ಪು ನಂದು. ನಾ ನೋಡದ ಗಾಡಿ ಹೊರಳಿಸಿದೆ. ಈ ಅಣ್ಣ ತನ್ನ ದಾರಿ ತಾ ಹಿಡದು ಬರಾಕತ್ತಿದ್ದ.”

ದ್ಯಾಮಣ್ಣನಿಗೆ ಸಿಟ್ಟೇ ಬಂತು.

“ಏ ಹುಚ್ಚಾ! ನಾವೆಲ್ಲಾ ನಿನ್ನ ಬೆನ್ನಿಗೆ ನಿಂತೇವಿ. ನೀನ ಹಿಂಗಂದ್ರ ಹೆಂಗ?”

“ಬೆನ್ನಿಗೆ ನಿಂತೀರಿ, ಖರೆ ಐತಿ ಮಾವಾ. ನೀವು ಬೆನ್ನಿಗೆ ನಿಂತ್ರ ಇವನ ಭುಜ ಕೂಡ್ತೈತೇನು?”

ದ್ಯಾಮಣ್ಣ ಯಂಕೋಬನ ಭುಜ ನೋಡಿದ. ತನ್ನ ಮೂಗು ಮುಟ್ಟಿಕೊಂಡ, ಚುರ್ ಅಂದಿತು. ಇಷ್ಟು ಸಣ್ಣ ಹುಳ ಕಚ್ಚಿದರೇ ಹೀಗೆ, ಮೂಳೆ ಮುರಿದವನಿಗೆ ಹೇಗಾಗಿರಬೇಡ ಎಂದು ಅವನಿಗೆ ಆಗ ಹೊಳೆಯಿತು.

“ಚಾ ಕುಡಿಯಾಕ ಬಾ ಅಂತ ನಡು ರಸ್ತೆದಾಗ ಒದರಿದವನೂ ನಾನ ಬಿಡು” ಎಂದು ಗೊಣಗಿದ. ಹೆಗಲ ಮೇಲಿನ ಟವೆಲ್ ತೆಗೆದು, ಯಂಕೋಬನ ಕೈಯನ್ನು ಜೋಪಾನವಾಗಿ ಕೊರಳಿಗೆ ಕಟ್ಟಿದ. “ಭಾಳ ನೋವು ಆಗಾಕತ್ತೈತೇನಪಾ?” ಎಂದು ಕೇಳಿದ. ಆ ಕೂಡುರಸ್ತೆಯಲ್ಲಿ ಆ ಪ್ರಶ್ನೆಯನ್ನು ಒಬ್ಬ ಪರವೂರಿನವನಿಗೆ ಕೇಳಿದ್ದು ಅದೇ ಮೊದಲು. ಯಾರೋ ನೀರು ತಂದರು. ಇನ್ನಿಬ್ಬರು ಗಾಡಿಗಳನ್ನು ಎತ್ತಿ ನಿಲ್ಲಿಸಿದರು.

ಯಂಕೋಬ ನೀರು ಕುಡಿದ. ಎಡಗೈಯಲ್ಲಿದ್ದ ಚಾವಿಯನ್ನು ಒಂದು ಸಲ ನೋಡಿದ. ಆಮೇಲೆ ಅದನ್ನು ಮತ್ತೆ ಮುದುಕಪ್ಪನ ಕಡೆಗೇ ಚಾಚಿದ.

“ಹಿಡಿ ತಮ್ಮಾ. ಒಂದ ಕೈಲೆ ನಾ ಗಾಡಿ ಹೊಡಿಯೂದು ಆಗೂದಿಲ್ಲ. ನೀನ ಹೊಡಿ. ದವಾಖಾನಿಗೆ ಹೋಗೂಣು ನಡಿ. ಈ ಸಲ ರಸ್ತೆ ನೋಡು.”

ಮುದುಕಪ್ಪನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅದೇ ಚಾವಿ. ಕಸಿದುಕೊಂಡದ್ದು ಕಿಸೆಯಲ್ಲಿದ್ದಾಗ ಎದೆಗೆ ಒತ್ತಿತ್ತು. ನಂಬಿ ಕೊಟ್ಟದ್ದನ್ನು ಅವನು ಕಣ್ಣಿಗೊತ್ತಿಕೊಂಡು ಗಾಡಿಗೆ ಹಾಕಿದ.

ಹೊತ್ತು ಮುಳುಗಿ ಹುಳುಗಳೆಲ್ಲ ಒಳಸೇರಿದ ಮೇಲೆ ಮುದುಕಪ್ಪನೇ ಪೆಟ್ಟಿಗೆಯನ್ನು ಯಂಕೋಬ ಹೇಳಿದ ತೋಟಕ್ಕೆ ಮುಟ್ಟಿಸಿ ಬಂದ. ಭುಜದ ಮೂಳೆ ಕೂಡುವ ತನಕ ಬಿಡುವಾದಾಗಲೆಲ್ಲ ಹೋಗಿ ಹುಳುಗಳನ್ನು ನೋಡಿಕೊಂಡ. ಆ ಒಂದು ಕುಟುಂಬ ಹೂವಿನ ಕಾಲದಲ್ಲಿ ಚೆನ್ನಾಗಿ ಬೆಳೆದು ಎರಡಾಯಿತು. ಎರಡನೆಯ ಪೆಟ್ಟಿಗೆಯನ್ನು ಯಂಕೋಬ ತಂದು ಕೂಡುರಸ್ತೆಯ ಬೇವಿನ ಗಿಡದ ಕೆಳಗಿಟ್ಟ. ದ್ಯಾಮಣ್ಣ ಅದರ ಮುಂದೆ ಹಾಯುವಾಗ ಈಗಲೂ ಮೂಗು ಮುಚ್ಚಿಕೊಂಡೇ ಹಾಯುತ್ತಾನೆ.

ಆ ರಸ್ತೆಯಲ್ಲಿ ಗಾಡಿಗಳು ಬೀಳುವುದು ನಿಂತಿಲ್ಲ. ರಸ್ತೆ ಇದ್ದ ಮೇಲೆ ಬೀಳುವುದೂ ಇದ್ದದ್ದೇ. ದ್ಯಾಮಣ್ಣ ಈಗಲೂ ಮೊದಲು ಓಡಿಬಂದು ಚಾವಿ ತಿರುವಿ ಗಾಡಿ ಬಂದ್ ಮಾಡುತ್ತಾನೆ. ಆದರೆ ಚಾವಿಯನ್ನು ಬಿದ್ದವನ ಕೈಗೇ ಕೊಟ್ಟು, “ಎಲ್ಲಿ ಬಡೀತಪಾ?” ಎಂದು ಕೇಳುತ್ತಾನೆ.

ನೀತಿ: ಬಿದ್ದವರನ್ನು ಕಂಡರೆ ‘ತಪ್ಪು ಯಾರದು’ ಎಂದು ಕೇಳುವ ಮೊದಲು ‘ನೋವು ಎಲ್ಲಿ’ ಎಂದು ಕೇಳಿ. ತಪ್ಪು ನಿಮ್ಮದೇ ಆಗಿದ್ದರೆ, ಹತ್ತು ಜನ ನಿಮ್ಮ ಪರವಾಗಿ ನಿಂತಿರುವಾಗಲೇ ಒಪ್ಪಿಕೊಳ್ಳಿ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಒಪ್ಪುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ?