ಕೆಂಡದ ಮುಂದೆ ಕೂತ ಕೈಗಳು

ಹಿರಿಯ ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ಊಟಕ್ಕೆ ಬರುವ ಬಡವರನ್ನು ನಾವು ಗದರುತ್ತೇವೆಂದು ಮಠಕ್ಕೆ ಹೊಸದಾಗಿ ಬಂದವನು ಹೇಳುತ್ತಿದ್ದಾನೆ. ಇಷ್ಟು ವರ್ಷ ಬಡಿಸಿದ ನಮಗ್ಯಾರಿಗೂ ಹಾಗೆ ಅನಿಸಿಲ್ಲ. ಅವನನ್ನು ಕಳಿಸಿಬಿಡಬಾರದೇ?"

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಚಳಿಗಾಲದಲ್ಲಿ ಒಬ್ಬ ನೇಕಾರನ ಹೆಂಡತಿಗೆ ಹೆರಿಗೆ ನೋವು ಬಂತು. ಚೊಚ್ಚಲು. ನೀರು ಒಡೆದು ಒಂದು ದಿನ ಕಳೆದರೂ ಕೂಸು ಬರಲಿಲ್ಲ. ಗಾಳಿ ಸೋಕಬಾರದೆಂದು ಅತ್ತೆ ಬಾಗಿಲು ಹಾಕಿಸಿ, ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಡಿಸಿದ್ದಳು. ಅತ್ತೆಯೂ ಸೂಲಗಿತ್ತಿಯೂ ನೆಂಟರ ಹೆಂಗಸರೂ ಕೆಂಡಕ್ಕೆ ಅಂಗೈ ಕಾಯಿಸಿಕೊಂಡು ಸೊಸೆಯ ಸೊಂಟ ನೀವುತ್ತಿದ್ದರು. ಅವಳು ಗಡಗಡ ನಡುಗತೊಡಗಿದಳು. ಚಳಿ ಎಂದುಕೊಂಡು ಅತ್ತೆ ಇನ್ನೊಂದು ಕಂಬಳಿ ಹೊದಿಸಿ, ಇನ್ನಷ್ಟು ಕೆಂಡ ತರಿಸಿದಳು. ಪ್ರೀತಿಗೇನೂ ಕಡಿಮೆ ಇರಲಿಲ್ಲ, ಅದನ್ನು ಮರೆಯಬೇಡ.

ಪಕ್ಕದ ಮನೆಯವಳಿಗೂ ಅತ್ತೆಗೂ ಗೋಡೆಯ ಜಗಳ. ಮಾತು ಬಿಟ್ಟು ಬಹಳ ಕಾಲವಾಗಿತ್ತು. ಹಿತ್ತಲಲ್ಲಿ ನೂಲು ತೊಳೆಯುತ್ತಿದ್ದ ಅವಳು ನರಳಾಟ ಕೇಳಲಾರದೆ ಒದ್ದೆ ಕೈಯಲ್ಲೇ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಸೊಸೆಯ ಹಣೆ ಮುಟ್ಟಿದಳು.

"ದೊಡ್ಡವ್ವಾ, ಇದು ಚಳಿಯಲ್ಲ, ಜ್ವರ. ಮೈ ಸುಡ್ತಾ ಐತೆ. ಬೇಗ ಆಸ್ಪತ್ರೆಗೆ ಕರ್ಕೊಂಡ್ ಹೋಗಿ."

"ನಿನ್ನೆಯಿಂದ ನಾವೆಲ್ಲ ಮುಟ್ಕೊಂಡೇ ಕುಂತಿದ್ದೀವಿ. ನಿನ್ನೊಬ್ಬಳ ಕೈಗೇ ಸುಡ್ತಾ? ನಡಿ ಆಚೆ!"

ಸೊಸೆ ಮಾತ್ರ ಆ ಕೈಯನ್ನು ಬಿಡಲಿಲ್ಲ. ಕೆನ್ನೆಗೆ ಒತ್ತಿ ಹಿಡಿದುಕೊಂಡಳು. ಹೆಂಗಸರು ಬಿಡಿಸಿ, ನೆರೆಯವಳನ್ನು ಹೊರಗೆ ಕಳಿಸಿ, ಮತ್ತೆ ಬಾಗಿಲು ಹಾಕಿದರು.

ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ. ನಮ್ಮೆಲ್ಲರ ಕೈ ಬಿಟ್ಟು ಅವಳ ಒದ್ದೆ ಕೈಯನ್ನೇಕೆ ಹಿಡಿದಳು? ಮೊದಲು ಸಿಟ್ಟು ಬಂತು, ಹಿಂದೆಯೇ ಭಯವೂ ಬಂತು. ಎದ್ದು ಹಿತ್ತಲಿಗೆ ಹೋಗಿ, ತೊಟ್ಟಿಯ ನೀರಿನಲ್ಲಿ ಕೈ ಅದ್ದಿ, ಬೆರಳು ಮರಗಟ್ಟುವವರೆಗೆ ನಿಂತಳು. ಒಳಗೆ ಬಂದು ಸೊಸೆಯ ಹಣೆ ಮುಟ್ಟಿದಳು. ಕೈ ತಾನಾಗಿ ಹಿಂದಕ್ಕೆ ಬಂತು.

"ಗಾಡಿ ಕಟ್ಟೋ!" ಎಂದು ಮಗನಿಗೆ ಕೂಗಿ, ತಾನೇ ಓಡಿಹೋಗಿ ನೆರೆಯವಳ ಬಾಗಿಲು ಬಡಿದಳು. ದಾರಿಯುದ್ದಕ್ಕೂ ನೆರೆಯವಳೇ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು.

ಸೋಂಕು ಕೂಸಿಗೂ ತಗುಲಿರಬಹುದು, ಇಬ್ಬರ ಜೀವಕ್ಕೂ ಅಪಾಯವಿದೆ ಎಂದರು ಆಸ್ಪತ್ರೆಯ ವೈದ್ಯೆ. ಕೂಸು ಹುಟ್ಟಿತು, ಅಳಲಿಲ್ಲ. ಕೈಕಾಲು ಜೋತುಬಿದ್ದಿದ್ದವು. ಹೊರಗೆ ಅತ್ತೆ ತಾನು ಹಾಕಿಸಿದ ಬಾಗಿಲನ್ನು ನೆನೆನೆನೆದು ಎದೆ ಬಡಿದುಕೊಂಡಳು. ಬಹಳ ಹೊತ್ತು ಒಳಗಿನಿಂದ ಸದ್ದೇ ಇಲ್ಲ. ಆಮೇಲೆ ಸಣ್ಣಗೆ ಒಂದು ಅಳು ಕೇಳಿತು. ತಾಯಿಯೂ ಕೂಸೂ ಎಷ್ಟೋ ದಿನ ಆಸ್ಪತ್ರೆಯಲ್ಲೇ ಇದ್ದು ಮನೆಗೆ ಬಂದರು.

ಗುರು ಕತೆ ನಿಲ್ಲಿಸಿದರು. "ಆ ನೆರೆಯವಳು ಬಲು ಜಾಣೆ" ಎಂದ ಶಿಷ್ಯ.

"ಜಾಣತನ ಎಲ್ಲಿಂದ ಬಂತು, ಮಾರಾಯ? ಅವಳು ಕೆಂಡದ ಮುಂದೆ ಕೂತಿರಲಿಲ್ಲ, ಅಷ್ಟೇ. ನಾನು ಹೇಳಿದ್ದು ಅತ್ತೆಯ ಕತೆ" ಎಂದರು ಗುರು.

ಶಿಷ್ಯ ತಲೆಯೆತ್ತಿ ನೋಡಿದ.

"ಹೊಸಬನನ್ನು ಕಳಿಸೋಣವೇ ಎಂದು ಕೇಳಲು ಬಂದೆಯಲ್ಲ, ಕೈ ತಣ್ಣಗೆ ಮಾಡಿಕೊಂಡು ಬಂದೆಯಾ?"